ಕೆಲವು ಬೆಳಗು ಹೊರಡದ ಕಾರು

ಸ್ಟೇರಿಂಗಿನ ಕೆಳಗೆ, ಅಪ್ಪನ ಮೊಣಕಾಲಿಗೆ ತಾಗಿಯೂ ತಾಗದ ಹಾಗೆ, ಬೀಗದ ಕೈಗಳ ಗೊಂಚಲೊಂದು ತೂಗಾಡುತ್ತಿತ್ತು. ಆ ಬೇಸಗೆಯನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬರುವುದು ಅದು. ತಿರುವಿನಲ್ಲಿ ಗೊಂಚಲು ಒಂದು ಕಡೆಗೆ ವಾಲುತ್ತಿತ್ತು. ಚಕ್ರ ಗುಂಡಿಗೆ ಇಳಿದರೆ ಝಣ್ ಎನ್ನುತ್ತಿತ್ತು. ಆಸ್ಪತ್ರೆಯ ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಅಪ್ಪನ ಪಕ್ಕದ ಸೀಟಿನಲ್ಲಿ ಕೂತ ನಾನು ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದೆ. ನೋಡುವುದು ನನ್ನ ಸ್ವಭಾವ. ಒಲೆ ಆರಿಸಿದೆವೋ ಇಲ್ಲವೋ, ಬಾಗಿಲಿಗೆ ಚಿಲಕ ಬಿತ್ತೋ ಇಲ್ಲವೋ ಎಂದು ಎರಡೆರಡು ಸಲ ಹೋಗಿ ನೋಡಿ ಬರುವವಳು ನಾನು. ಹಾಗಿದ್ದೂ ಆ ಗೊಂಚಲು ಏನು ಮಾಡುತ್ತಿದೆ ಎಂಬುದನ್ನು ಕಾಣಲು ನನಗೆ ಐದು ವಾರ ಬೇಕಾಯಿತು.

ಅದರಲ್ಲಿ ಹನ್ನೊಂದು ಬೀಗದ ಕೈಗಳಿದ್ದವು, ಎಲ್ಲವೂ ಅಮ್ಮನವು. ಉಗ್ರಾಣದ್ದು, ಕಬ್ಬಿಣದ ಬೀರುವಿನದು, ಹಿತ್ತಿಲ ಬಾಗಿಲಿನದು, ಅಟ್ಟದ ಮೇಲಿನ ತಾಮ್ರದ ಪಾತ್ರೆಗಳ ಪೆಟ್ಟಿಗೆಯದು, ಹೀಗೆ. ಅಂಗೈ ಉದ್ದದ ಎರಡು ಹಳೆಯ ಕಬ್ಬಿಣದ ಕೈಗಳು ಯಾವ ಬೀಗದವೆಂದು ಅಮ್ಮನಿಗೂ ಗೊತ್ತಿರಲಿಲ್ಲ. ನನಗೆ ತಿಳಿವಳಿಕೆ ಬಂದಂದಿನಿಂದ ಅವು ಬೆಳ್ಳಿಯ ಕೊಕ್ಕೆಯೊಂದರಲ್ಲಿ ಅವಳ ಸೊಂಟಕ್ಕೆ ತೂಗಿದ್ದವು. ಅಮ್ಮ ಮನೆಯಲ್ಲಿ ಎಲ್ಲಿದ್ದಾಳೆಂದು ಹುಡುಕುವ ಅಗತ್ಯವೇ ಇರಲಿಲ್ಲ. ಸದ್ದು ಕೇಳಿದ ಕಡೆ ಹೋದರೆ ಸಾಕಿತ್ತು. ಗರ್ಭಕೋಶದ ಆಪರೇಷನ್ನಿಗೆ ಆಸ್ಪತ್ರೆ ಸೇರುವ ದಿನ ಬೆಳಗ್ಗೆ ಅವಳು ಕೊಕ್ಕೆ ಬಿಡಿಸಿ ಗೊಂಚಲನ್ನು ಅಪ್ಪನ ಕೈಗೆ ಕೊಟ್ಟಳು.

"ನಾನು ಬರೋವರೆಗೆ ನಿಮ್ಮ ಹತ್ರಾನೇ ಇರಲಿ," ಅಂದಳು. "ಎಲ್ಲಾದರೂ ಇಟ್ಟು ಮರೀತೀರಿ. ಕಾರಿನ ಕೀ ಜೊತೆ ಸಿಕ್ಕಿಸ್ಕೊಳ್ಳಿ. ಕಾರನ್ನಂತೂ ನೀವು ಮರೆಯಲ್ಲ."

ಅಪ್ಪ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಕೊಡೆ, ಕನ್ನಡಕ, ಛಾಪಾ ಕಾಗದ, ಎಲ್ಲವನ್ನೂ ಎಲ್ಲೆಲ್ಲೋ ಬಿಟ್ಟು ಬರುತ್ತಿದ್ದರು. ಹಳೆಯ ಕಾರೊಂದನ್ನು ಮಾತ್ರ ಕೂಸಿನ ಹಾಗೆ ನೋಡಿಕೊಂಡಿದ್ದರು. ಅಮ್ಮ ಹೇಳಿದಂತೆಯೇ ಮಾಡಿದರು. ಅವಳು ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದಾಗ ಸೊಂಟಕ್ಕೆ ಸೀರೆಯ ನೆರಿಗೆಯನ್ನೇ ತಡೆಯಲಾಗುತ್ತಿರಲಿಲ್ಲ. ಗೊಂಚಲು ಕಾರಿನ ಕೀಯಲ್ಲೇ ಉಳಿಯಿತು.

ಆಪರೇಷನ್ನಿನ ನಂತರ ಮೂವತ್ತು ದಿನದ ಕಿರಣ ಚಿಕಿತ್ಸೆ ಆಗಬೇಕಿತ್ತು. ನಮ್ಮ ಊರಿನವರು ಅದನ್ನು ಕರೆಂಟು ಕೊಡಿಸುವುದು ಎನ್ನುತ್ತಿದ್ದರು. ಯಂತ್ರ ಇದ್ದದ್ದು ಇಪ್ಪತ್ತೆರಡು ಮೈಲಿಯಾಚೆಯ ದೊಡ್ಡ ಊರಿನಲ್ಲಿ. ವಾರಕ್ಕೆ ಐದು ದಿನ, ಬೆಳಗ್ಗೆ ಹತ್ತಕ್ಕೆ ಅಮ್ಮನ ಸರದಿ. ತಪ್ಪಿದರೆ ಆ ದಿನಕ್ಕೆ ಮತ್ತೆ ಸರದಿ ಸಿಗುತ್ತಿರಲಿಲ್ಲ. ಕಾಯುವವರ ಸಾಲು ಹಾಗಿತ್ತು. ಮೊದಲ ದಿನವೇ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು.

"ನೀವು ಓದಿದವರು, ಅದಕ್ಕೆ ನಿಮಗೆ ಹೇಳ್ತಿದೀನಿ. ಮಧ್ಯೆ ಬಿಡಬಾರದು. ಬಿಟ್ಟ ದಿನಾನ ಕೊನೆಗೆ ಸೇರಿಸಬಹುದು. ಆದ್ರೆ ಬಿಟ್ಟ ದಿನ ಅದು ಸುಮ್ಮನೆ ಕೂತಿರಲ್ಲ."

ಅದು ಎಂದರೆ ಏನೆಂದು ನಾನು ಕೇಳಲಿಲ್ಲ.

ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಹಿಡಿಯೋಣವೆಂದು ನಾನು ಅಂದದ್ದುಂಟು. ಅಮ್ಮ ಒಪ್ಪಲಿಲ್ಲ. "ಸಂಜೆ ನನ್ನ ಹಾಸಿಗೆ ನನಗೆ ಸಿಗುತ್ತೆ ಅಂದ್ರೆ ಬರ್ತೀನಿ, ಇಲ್ಲದಿದ್ರೆ ಇಲ್ಲ," ಅಂದಳು. ಒಮ್ಮೆ ಬಸ್ಸಿನಲ್ಲಿ ಹೋಗಿ ನೋಡಿದೆವು. ಹೊಲಿಗೆಯ ನೋವಿಗೆ ಅವಳು ದಾರಿಯುದ್ದಕ್ಕೂ ನಿಂತೇ ಬಂದು, ಇಳಿದವಳೇ ನಿಲ್ದಾಣದ ಕಟ್ಟೆಯ ಮೇಲೆ ಕುಸಿದಳು. ಊರಿನಲ್ಲಿ ಬಾಡಿಗೆಗೆ ಸಿಗುತ್ತಿದ್ದ ಒಂದೇ ಒಂದು ಕಾರು ಮದುವೆಗಳ ತಿಂಗಳಾದ್ದರಿಂದ ಹೂವು ಕಟ್ಟಿಸಿಕೊಂಡು ಓಡಾಡುತ್ತಿತ್ತು. ನಮಗೆ ಉಳಿದದ್ದು ಅಪ್ಪನ ಕಾರು.

ಮೊದಲ ಮೂರು ದಿನ ಅದು ಚೆನ್ನಾಗಿಯೇ ಹೋಯಿತು. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ ಅಮ್ಮ ಅಲ್ಲಿಂದಲೇ ಮನೆ ನಡೆಸುತ್ತಿದ್ದಳು. "ತೊಗರಿಬೇಳೆಗೆ ಹುಳ ಬಿದ್ದಿರುತ್ತೆ, ಗಿರಿಜತ್ತೆಗೆ ಹೇಳಿ ಬಿಸಿಲಿಗೆ ಹಾಕಿಸು. ಹಿತ್ತಿಲ ಬಾಗಿಲು ಮಧ್ಯಾಹ್ನ ತೆಗೆದಿಡಬೇಡಿ, ಕೋತಿ ಬರುತ್ತೆ. ತಾಮ್ರದ ಪಾತ್ರೆ ಯಾರೂ ಮುಟ್ಟೋದು ಬೇಡ, ಹುಣಸೆಹಣ್ಣು ಹಚ್ಚೋಕೆ ನಾನೇ ಬರ್ತೀನಿ." ಅಪ್ಪ ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು. ಗೊಂಚಲು ಝಣ್ ಎನ್ನುತ್ತಿತ್ತು.

ನಾಲ್ಕನೆಯ ದಿನ ಬೆಳಗ್ಗೆ ಅಪ್ಪ ಕೀ ತಿರುಗಿಸಿದರು. ಏನೂ ಆಗಲಿಲ್ಲ. ಕೆಮ್ಮಲಿಲ್ಲ, ನರಳಲಿಲ್ಲ, ಎದುರಿನ ಪುಟ್ಟ ಕೆಂಪು ದೀಪ ಕೂಡ ಹೊತ್ತಲಿಲ್ಲ. ಮತ್ತೆ ತಿರುಗಿಸಿದರು. ಪಕ್ಕದ ಮನೆಯವರನ್ನು ಕರೆದು ಬೀದಿಯ ತುದಿವರೆಗೆ ತಳ್ಳಿಸಿದರು. ಗಾಡಿ ಉರುಳಿತೇ ಹೊರತು ಎಂಜಿನ್ನು ಉಸಿರೆತ್ತಲಿಲ್ಲ. ಅಷ್ಟು ಹೊತ್ತೂ ಅಮ್ಮ ಒಳಗೆ ದಿಂಬನ್ನು ಅಪ್ಪಿಕೊಂಡು ಕೂತಿದ್ದಳು. ಒಂಬತ್ತೂವರೆಗೆ ನಾನು ಅವಳನ್ನು ಇಳಿಸಿಕೊಂಡು ಒಳಗೆ ಕರೆದೊಯ್ದೆ.

ಹನ್ನೊಂದಕ್ಕೆ ದಸ್ತಗೀರ್ ಬಂದರು. ಇಪ್ಪತ್ತು ವರ್ಷದಿಂದ ನಮ್ಮ ಕಾರನ್ನು ನೋಡುತ್ತಿದ್ದ ಮೆಕ್ಯಾನಿಕ್ಕು. ಗಡ್ಡಕ್ಕೆ ಮದರಂಗಿ, ಕಿವಿಯ ಮೇಲೆ ಬೀಡಿ. ಅಪ್ಪ ಬೆಳ್ಳಿಯ ಕೊಕ್ಕೆ ಬಿಡಿಸಿ, ಗೊಂಚಲನ್ನು ತಮ್ಮ ಅಂಗಿಯ ಜೇಬಿಗೆ ಇಳಿಸಿಕೊಂಡು, ಕಾರಿನ ಕೀಯನ್ನಷ್ಟೇ ಅವರ ಕೈಗಿಟ್ಟರು. ಮನೆಯ ಬೀಗದ ಕೈ ಹೊರಗಿನವರ ಕೈಗೆ ಹೋಗಕೂಡದೆಂಬುದು ಅಜ್ಜಿಯ ಕಾಲದಿಂದ ಬಂದ ರೂಢಿ. ಅಪ್ಪ ಅದನ್ನು ಯೋಚಿಸಿ ಮಾಡಿದ್ದಲ್ಲ. ಚಪ್ಪಲಿ ಬಿಟ್ಟು ಒಳಗೆ ಬರುವ ಹಾಗೆ ಕೈ ತಾನಾಗಿ ಮಾಡಿತು.

ದಸ್ತಗೀರ್ ಕೀ ಹಾಕಿ ತಿರುಗಿಸಿದರು. ಕಾರು ಮೊದಲ ಸಲಕ್ಕೇ ಹೊರಟಿತು.

"ಮೇಷ್ಟ್ರೇ, ನನ್ನ ಮುಖ ಕಂಡ್ರೆ ನನ್ನ ಹೆಂಡ್ತಿ ಹೆದರಲ್ಲ, ನಿಮ್ಮ ಗಾಡಿ ಹೆದರುತ್ತೆ," ಅಂದರು ಅವರು. ಆದರೂ ಬಾನೆಟ್ಟು ಎತ್ತಿ, ಬ್ಯಾಟರಿಯ ತಂತಿಗಳನ್ನು ಬಿಚ್ಚಿ, ಬಿಸಿನೀರು ಹೊಯ್ದು ತಿಕ್ಕಿ, ಬಿಗಿಮಾಡಿ ಹೋದರು.

ಮುಂದಿನ ಎರಡು ದಿನ ಸರಾಗ. ಆಮೇಲೊಂದು ದಿನ ಮತ್ತೆ ಅದೇ ಮೌನ. ಕೆಲವು ಬೆಳಗು ಅಪ್ಪ ಸಿಟ್ಟಿನಿಂದ ಕೀ ಕಿತ್ತು ಮತ್ತೆ ಹಾಕಿದರೆ ಹೊರಡುತ್ತಿತ್ತು. ಕೆಲವು ಬೆಳಗು ಏನು ಮಾಡಿದರೂ ಇಲ್ಲ. ದಸ್ತಗೀರ್ ಬಂದರೆ ಮಾತ್ರ ಒಂದೇ ಸಲಕ್ಕೆ ಸರಿ. ಬ್ಯಾಟರಿ ಹೊಸದು ಬಂತು. ಅರ್ತ್ ವೈರು ಬದಲಾಯಿತು. ಸ್ಟಾರ್ಟರನ್ನು ಬಿಚ್ಚಿ, ಒಳಗಿನ ಸವೆದ ತುಂಡುಗಳನ್ನು ತೆಗೆದು ಹೊಸತು ಕೂರಿಸಿದ್ದಾಯಿತು. ಪ್ರತಿ ರಿಪೇರಿಯ ನಂತರವೂ ಎರಡು ಮೂರು ದಿನ ನಾವು ಗೆದ್ದೆವೆಂದುಕೊಳ್ಳುತ್ತಿದ್ದೆವು.

ನಾನು ಒಂದು ನೋಟುಬುಕ್ಕು ಇಟ್ಟೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದೆ. ಕಾರಣ ತಿಳಿಯದಿದ್ದರೆ ಬರೆದಿಡು, ಒಂದು ಸಲಕ್ಕೆ ಒಂದನ್ನೇ ಬದಲಿಸು ಎಂದು ಕಲಿಸಿದ್ದರು. ದಿನ, ಹೊತ್ತು, ಸೆಕೆ, ಕಾರು ನಿಂತ ಜಾಗ, ಹಿಂದಿನ ಸಂಜೆ ಎಷ್ಟು ಹೊತ್ತಿಗೆ ಬಂದೆವು, ಯಾರು ಮೊದಲು ಹತ್ತಿದರು. ಮೂರನೆಯ ವಾರದ ಹೊತ್ತಿಗೆ ಅಮ್ಮ ಯಾವ ಕಾಲು ಮೊದಲಿಟ್ಟಳು, ಬಾಗಿಲಲ್ಲಿ ಯಾರು ಎದುರು ಬಂದರು ಎನ್ನುವುದನ್ನೂ ಬರೆಯತೊಡಗಿದ್ದೆ. ಯಾರಿಗೂ ತೋರಿಸುತ್ತಿರಲಿಲ್ಲ. ಬೆಳಗ್ಗೆ ಅಪ್ಪನ ಕೈ ಕೀಯತ್ತ ಹೋದಾಗ ನಾನು ಮಡಿಲಿನ ಕಾಗದಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಹೊರಟರೆ ಒಂದು ದಿನ ಸಿಕ್ಕಿತು. ಹೊರಡದಿದ್ದರೆ ಆ ದಿನ ಅದು ಸುಮ್ಮನೆ ಕೂತಿರುವುದಿಲ್ಲ.

ನನ್ನ ಪುಸ್ತಕದಲ್ಲಿ ಎಲ್ಲವೂ ಇತ್ತು. ಗೊಂಚಲೊಂದು ಇರಲಿಲ್ಲ.

ಮನೆಯಲ್ಲಿ ಅದನ್ನು ದಿನವೂ ನೆನೆಯುತ್ತಿದ್ದವರು ಗಿರಿಜತ್ತೆ, ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಹತ್ತು ವರ್ಷದಿಂದ ನಮ್ಮ ಜೊತೆ ಇದ್ದರು. ಅಡುಗೆ ಅವರದು, ಉಗ್ರಾಣದ ಬೀಗ ಅಮ್ಮನದು. ಬೆಲ್ಲ ಬೇಕಾದರೆ ಅಮ್ಮನನ್ನು ಕೇಳಬೇಕಿತ್ತು. ಅದರ ಮೇಲೆ ಅತ್ತಿಗೆ ನಾದಿನಿಯರ ನಡುವೆ ಹತ್ತು ವರ್ಷದ ಹಾಸ್ಯ ಬೆಳೆದಿತ್ತು, ಒಳಗೆ ಚೂರು ಮುಳ್ಳಿದ್ದ ಹಾಸ್ಯ. ಈಗ ಬೀಗದ ಕೈ ಕಾರಿನ ಜೊತೆ ಊರು ಬಿಟ್ಟು ಹೋಗುತ್ತಿದ್ದುದರಿಂದ ಅತ್ತೆಗೆ ಮಾತಿಗೆ ಬರವಿರಲಿಲ್ಲ.

"ಮುಂಚೆ ಬೆಲ್ಲಕ್ಕೆ ಅತ್ತಿಗೆ ಹಿಂದೆ ಸುತ್ತಬೇಕಿತ್ತು. ಈಗ ಇಪ್ಪತ್ತೆರಡು ಮೈಲಿ ಓಡಬೇಕು," ಎನ್ನುತ್ತಿದ್ದರು. "ಕೂಸೇ, ನಿಮ್ಮಪ್ಪನ್ನ ಕೇಳು, ಒಂದು ಹಿಡಿ ಸಾಸಿವೆ ಬೇಕು, ಕಾರು ಎಷ್ಟು ಗಂಟೆಗೆ ಬರುತ್ತೆ?"

"ಬೆಳಗ್ಗೇನೇ ತೆಗೆದಿಟ್ಕೋ ಅಂದಿಲ್ವಾ," ಎನ್ನುತ್ತಿದ್ದರು ಅಪ್ಪ.

"ಒಗ್ಗರಣೆ ಹಾಕೋವಾಗ ತಾನೆ ಸಾಸಿವೆ ಇಲ್ಲ ಅಂತ ಗೊತ್ತಾಗೋದು? ನೀನು ಯಾವತ್ತಾದ್ರೂ ಹಾಕಿದೀಯಾ?"

ಹಾಸಿಗೆಯಿಂದ ಅಮ್ಮ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ನೋವಾಗದಷ್ಟು ಮೆಲ್ಲಗೆ. "ಇನ್ನು ಸ್ವಲ್ಪ ದಿನ ತಡ್ಕೊಳೇ ಗಿರಿಜಾ. ನನ್ನ ಸೊಂಟಕ್ಕೆ ವಾಪಸ್ ಬರಲಿ."

"ಬರಲಿ ಬರಲಿ. ನಿಮ್ಮ ಹಿಂದೆ ಸುತ್ತೋದೇ ಹತ್ತಿರದ ದಾರಿ."

ನಾಲ್ಕನೆಯ ವಾರದ ಕೊನೆಗೆ ಐದು ದಿನ ತಪ್ಪಿದ್ದವು. ಡಾಕ್ಟರಮ್ಮ ಚೀಟಿಯ ಖಾಲಿ ಚೌಕಗಳ ಮೇಲೆ ಪೆನ್ನಿನ ಹಿಂಬದಿ ಆಡಿಸಿ, ನನ್ನ ಮುಖ ನೋಡಿ, ಮುಂದಿನವರನ್ನು ಕರೆದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಆ ಶನಿವಾರ ದಸ್ತಗೀರ್ ಕಾರನ್ನು ತಮ್ಮ ಶೆಡ್ಡಿಗೇ ಒಯ್ದರು. ಭಾನುವಾರ ಸಂಜೆ ತಂದು ಬಿಟ್ಟು, ಜಗುಲಿಯ ಮೇಲೆ ಕೂತು ನೀರು ಕೇಳಿ ಕುಡಿದರು.

"ನಲವತ್ತು ಸಲ ಹಾಕಿ ತೆಗೆದೆ, ತಂಗಿ. ಬಿಸಿ ಇದ್ದಾಗ, ಆರಿದಾಗ, ನೀರು ಸುರಿದು. ನಲವತ್ತಕ್ಕೆ ನಲವತ್ತು ಹೊರಟಿದೆ. ಜ್ವರ ಬಿಟ್ಟ ಮೇಲೆ ಬಂದು ನಾಡಿ ನೋಡು ಅಂದ್ರೆ ಯಾವ ಹಕೀಮ ನೋಡ್ತಾನೆ? ನನ್ನೆದುರಿಗೆ ಒಂದೇ ಒಂದು ಸಲ ಕೆಡಲಿ, ಸಾಕು."

"ನೀವು ಹಾಕೋದಕ್ಕೂ ಅಪ್ಪ ಹಾಕೋದಕ್ಕೂ ಏನು ವ್ಯತ್ಯಾಸ?" ಅಂದೆ.

"ನನ್ನ ಕೈಗೆ ಗ್ರೀಸು, ಅವರ ಕೈಗೆ ಸೀಮೆಸುಣ್ಣ. ಇನ್ನೇನಿದೆ?"

ಸೋಮವಾರ ಬೆಳಗ್ಗೆ ಅಪ್ಪ ಕೀ ತಿರುಗಿಸಿದರು. ಏನೂ ಇಲ್ಲ. ಅವರು ಎರಡೂ ಕೈಯನ್ನು ಸ್ಟೇರಿಂಗಿನ ಮೇಲಿಟ್ಟು, ಹಣೆಯನ್ನು ಕೈಗಳಿಗೆ ಆನಿಸಿ ಬಹಳ ಹೊತ್ತು ಕೂತರು. ಕೆಳಗೆ ಗೊಂಚಲು ಅಲ್ಲಾಡದೆ ನೇತಾಡುತ್ತಿತ್ತು. ತಪ್ಪಿದ ದಿನ ಆರಾಯಿತು. ಅಂದು ನಾನು ನೋಟುಬುಕ್ಕಿನಲ್ಲಿ ತಾರೀಕನ್ನಷ್ಟೇ ಬರೆದೆ. ಉಳಿದ ಜಾಗಗಳನ್ನು ತುಂಬಲು ಮನಸ್ಸಾಗಲಿಲ್ಲ.

ಮಂಗಳವಾರದಿಂದ ಗುರುವಾರದವರೆಗೆ ಕಾರು ಹೊರಟಿತು. ಶುಕ್ರವಾರ ಮತ್ತೆ ನಿಂತಿತು. ಅಪ್ಪ ಕೀಯನ್ನು ಕಿತ್ತು ಹಾಕಿದರು, ತಿರುಗಿಸಿದರು, ತಿರುಗಿಸಿದಲ್ಲೇ ಬಿಟ್ಟು ಸುಮ್ಮನೆ ಕೂತರು. ಹಿಂದೆ ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಎಂಟೂವರೆಯ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ಅಷ್ಟರಲ್ಲಿ ಗಿರಿಜತ್ತೆ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದರು.

"ಅಣ್ಣಾ, ಹೆಂಗೂ ಹೊರಡೋ ಹಂಗೆ ಕಾಣಲ್ಲ. ಉಗ್ರಾಣದ ಬೀಗದ ಕೈ ಕೊಡು, ಅಕ್ಕಿ ತೆಗೀಬೇಕು."

ಅಪ್ಪನಿಗೆ ರೇಗಿತು. ಬಗ್ಗಿ, ಕೊಕ್ಕೆಯನ್ನು ಬಿಡಿಸಿ, ಗೊಂಚಲನ್ನೇ ಕಿಟಕಿಯಿಂದ ಆಚೆ ಚಾಚಿದರು. ಕಾರಿನ ಕೀ ಇದ್ದಲ್ಲೇ ಇತ್ತು.

ಕೆಂಪು ದೀಪ ಹೊತ್ತಿತು.

ಯಾರೂ ಕೀ ಮುಟ್ಟಿರಲಿಲ್ಲ. ಅಪ್ಪ ಅತ್ತೆಯ ಕಡೆ ತಿರುಗಿದ್ದರು, ನೋಡಿದವಳು ನಾನೊಬ್ಬಳೇ. ಕೈ ಚಾಚಿ ಕೀಯ ತುದಿಯನ್ನು ಒಂದು ಬೆರಳಿನಿಂದ ಕೆಳಕ್ಕೆ ಒತ್ತಿದೆ. ದೀಪ ಆರಿತು. ಬೆರಳು ತೆಗೆದೆ. ಹೊತ್ತಿತು. ಮತ್ತೆ ಒತ್ತಿದೆ, ಮತ್ತೆ ತೆಗೆದೆ. ಒಂದು ಸಲಕ್ಕೆ ಒಂದನ್ನೇ ಬದಲಿಸು.

ಆಗ ನಾನು ಆಡಿದ ಮಾತನ್ನು ಅಕ್ಷರ ಬಿಡದೆ ಹೇಳಬಲ್ಲೆ. ಐದು ವಾರದ ಒಗಟು ಬಿಡಿಸಿದ ಸಂತೋಷದಲ್ಲಿ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಅಂದೆ: "ಅಪ್ಪಾ, ಕಾರಿಗೆ ಏನೂ ಆಗಿಲ್ಲ. ಅಮ್ಮನ ಬೀಗದ ಕೈ ಭಾರ, ಅಷ್ಟೇ. ಇಷ್ಟು ದಿನ ನಮ್ಮನ್ನ ಕಟ್ಟಿಹಾಕಿದ್ದು ಅದೇ. ದಸ್ತಗೀರ್‌ಗೆ ಕೊಡುವಾಗ ನೀವು ತೆಗೆದು ಕೊಡ್ತಿದ್ರಿ, ಅದಕ್ಕೇ ಅವರಿಗೆ ಹೊರಡ್ತಿತ್ತು."

ಅಪ್ಪ ಕೀ ತಿರುಗಿಸಿದರು. ಕಾರು ಹೊರಟಿತು. ನಾನು ನಗುತ್ತಾ ಹಿಂದೆ ತಿರುಗಿದೆ. ಅಮ್ಮ ಕಣ್ಣು ತೆರೆದಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕಿಟಕಿಯಾಚೆ ಅತ್ತೆಯ ಕೈಯಲ್ಲಿದ್ದ ಗೊಂಚಲನ್ನು ನೋಡುತ್ತಿದ್ದಳು.

"ಆರು ದಿನ," ಅಂದಳು.

ಅಪ್ಪ ಕೂಡಲೇ ಅತ್ತೆಯಿಂದ ಗೊಂಚಲನ್ನು ಇಸಿದುಕೊಂಡು ಜೇಬಿಗೆ ತುರುಕಿಕೊಂಡರು. "ಅದೆಲ್ಲ ಏನಿಲ್ಲ. ಸ್ವಿಚ್ಚು ಹಳೇದಾಗಿದೆ, ಹೊಸದು ಹಾಕ್ಸಿದ್ರೆ ಆಯ್ತು," ಎಂದು ಗಾಡಿ ತಿರುಗಿಸಿದರು. ಅಕ್ಕಿಯನ್ನು ಅಂಗಡಿಯಿಂದ ತರಿಸಿಕೋ ಎಂದು ತಂಗಿಗೆ ಹೇಳಲೂ ನಿಲ್ಲಲಿಲ್ಲ. ಹತ್ತಕ್ಕೆ ಐದು ನಿಮಿಷ ಇರುವಾಗ ನಾವು ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಅದು ಹತ್ತೊಂಬತ್ತನೆಯ ಸಲ. ಹೋಗುವಾಗಲೂ ಬರುವಾಗಲೂ ಅಮ್ಮ ಮಾತಾಡಲಿಲ್ಲ. ಆಯಾಸವಿರಬೇಕೆಂದುಕೊಂಡೆ.

ಮಧ್ಯಾಹ್ನ ದಸ್ತಗೀರ್ ಬಂದು ಬೆರಳಿನಿಂದ ಒತ್ತಿ ತೆಗೆದು ನೋಡಿದರು. ಕೀ ಕೂರುವ ಸ್ವಿಚ್ಚು ಒಳಗೆ ಸವೆದಿದೆ, ಭಾರ ಬಿದ್ದರೆ ಜಗ್ಗಿ ಸಂಪರ್ಕ ಬಿಡುತ್ತದೆ, ಹೊಸದನ್ನು ಹೊರಗಿನಿಂದ ತರಿಸಬೇಕು ಅಂದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ಅಪ್ಪನ ಜೇಬಿನ ಉಬ್ಬನ್ನು ನೋಡಿದರು.

"ಅಷ್ಟೂ ನನ್ನ ಕೈಗೆ ಒಂದು ದಿನ ಕೊಟ್ಟಿದ್ರೆ ಅವತ್ತೇ ಗೊತ್ತಾಗ್ತಿತ್ತು, ಮೇಷ್ಟ್ರೇ. ಇಪ್ಪತ್ತು ವರ್ಷ ಆಯ್ತಲ್ಲ ನಾನು ಈ ಮನೆಗೆ ಬರೋಕೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪ ಜೇಬಿನ ಮೇಲೆ ಅಂಗೈ ಮುಚ್ಚಿಕೊಂಡರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮ್ಮ ಅಪ್ಪನನ್ನು ಕರೆದು, "ನನ್ನ ಬೀಗದ ಕೈ ಕೊಡಿ," ಅಂದಳು.

"ನನ್ನ ಜೇಬಲ್ಲಿರುತ್ತೆ ಬಿಡು. ಸ್ವಿಚ್ಚು ಬರೋವರೆಗೆ ತಾನೆ."

"ಜೇಬು ಹರಿಯುತ್ತೆ. ಕೊಡಿ."

ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೀಗದ ಕೈಯನ್ನು ಬೆರಳಿನಿಂದ ಸರಿಸಿದಳು. ತಿರುಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆಂದು ನಾನು ಒಂದು ಕ್ಷಣ ನಂಬಿದೆ. ಅವಳು ಅಡುಗೆಮನೆಯ ಕಡೆಗೆ ಮುಖ ಮಾಡಿ ಗಿರಿಜತ್ತೆಯನ್ನು ಕೂಗಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಆ ಗೊಂಚಲು ಒಬ್ಬ ಹೆಂಗಸಿನಿಂದ ಇನ್ನೊಬ್ಬಳಿಗೆ ದಾಟುತ್ತಿದ್ದದ್ದು ಒಂದೇ ಸಂದರ್ಭದಲ್ಲಿ. ಅಜ್ಜಿ ಅದನ್ನು ಅಮ್ಮನಿಗೆ ಕೊಟ್ಟದ್ದು ತಾನು ಹೋಗುವ ಹಿಂದಿನ ದಿನ. ಅಜ್ಜಿಗೆ ಅವರ ಅತ್ತೆ ಕೊಟ್ಟದ್ದೂ ಹಾಗೆಯೇ. ಬದುಕುವ ಆಸೆ ಇರುವವರೆಗೆ ಯಾರೂ ಕೊಟ್ಟಿರಲಿಲ್ಲ. ಗಂಡಸಿನ ಕೈಯಲ್ಲಿದ್ದರೆ ಅದು ಕೊಟ್ಟ ಲೆಕ್ಕವಲ್ಲ, ಕಾಯಲು ಬಿಟ್ಟದ್ದು ಅಷ್ಟೇ. ಅಮ್ಮ ಅದನ್ನು ಅಪ್ಪನ ಕಾರಿನ ಕೀಗೆ ಕಟ್ಟಿಸಿದ್ದು ಆ ಕಾರಣಕ್ಕೆ. ಅಪ್ಪ ಅಷ್ಟು ದಿನ ತಂಗಿಯ ಮೂದಲಿಕೆ ಕೇಳಿಕೊಂಡೂ ಬಿಟ್ಟುಕೊಡದೆ ಇದ್ದದ್ದೂ ಆ ಕಾರಣಕ್ಕೆ. ಮನೆಯಲ್ಲಿ ಅದು ಎಲ್ಲರಿಗೂ ತಿಳಿದಿತ್ತು, ನನಗೂ. ಅಂದು ಬೆಳಗ್ಗೆ ಬಾಯಿ ತೆರೆದಾಗ ನನಗೆ ನೆನಪಿದ್ದದ್ದು ಕೆಂಪು ದೀಪವೊಂದೇ.

ಗಿರಿಜತ್ತೆ ಸೆರಗಿಗೆ ಕೈ ಒರೆಸುತ್ತಾ ಬಂದು, ಚಾಚಿದ ಗೊಂಚಲನ್ನು ಕಂಡು ಬಾಗಿಲಲ್ಲೇ ನಿಂತರು.

"ನನಗೆ ಬೇಡ ಅತ್ತಿಗೆ," ಅಂದರು.

"ಬೆಲ್ಲಕ್ಕೆ ಇನ್ನು ಯಾರನ್ನೂ ಕೇಳಬೇಕಾಗಿಲ್ಲ."

"ನಾನು ತಮಾಷೆಗೆ ಅಂತಿದ್ದೆ. ಹತ್ತು ವರ್ಷ ಅಂದ್ಕೊಂಡೇ ಬಂದಿದೀನಿ, ನೀವು ನಗ್ತಾನೇ ಕೇಳಿದೀರಿ. ಈಗ ಯಾಕೆ ಹಿಂಗೆ ಮಾಡ್ತೀರಿ?"

"ಅಮ್ಮಾ," ಅಂದೆ ನಾನು, "ನಾನು ಅಂದಿದ್ದು ಸ್ವಿಚ್ಚಿನ ವಿಷಯ."

"ನೀನು ಸರಿಯಾಗೇ ನೋಡಿದೀಯ," ಅಂದಳು ಅಮ್ಮ. ನಿಜವಾಗಿ ಮೆಚ್ಚಿ ಅಂದಳು, ಪರೀಕ್ಷೆಯ ಅಂಕ ಕೇಳಿ ಅನ್ನುತ್ತಿದ್ದ ಹಾಗೆ. "ನಾನೇ ಗಂಟು ಹಾಕಿಸಿದ್ದು. ಹೊರಡೋಕೆ ಬಿಡದೆ ಇದ್ದಿದ್ದು ನಾನೇ. ಹೋದ ಆರು ದಿನ ಇನ್ನು ಬರಲ್ಲ. ಹಿಡ್ಕೋ ಗಿರಿಜಾ. ಕೈ ನೋಯುತ್ತೆ."

ಗೊಂಚಲು ಅವಳ ಹಿಡಿತದಿಂದ ಜಾರತೊಡಗಿತ್ತು. ಅತ್ತೆ ಓಡಿ ಬಂದು ಎರಡೂ ಕೈಯಲ್ಲಿ ಗೊಂಚಲನ್ನು ಹಿಡಿದುಕೊಂಡರು. ಅಪ್ಪ ಗೋಡೆಯ ಕಡೆ ತಿರುಗಿ ನಿಂತರು.

ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಲಿಲ್ಲ. ಉಗ್ರಾಣದ ಬಾಗಿಲ ಪಕ್ಕ ಒಂದು ಮೊಳೆ ಹೊಡೆದು ತೂಗುಹಾಕಿದರು. ಅವತ್ತಿನಿಂದ ಉಗ್ರಾಣಕ್ಕೆ ಬೀಗ ಹಾಕುವುದನ್ನೇ ಬಿಟ್ಟರು. ಮನೆಯಲ್ಲಿ ಸದ್ದು ನಿಂತುಹೋಯಿತು.

ಉಳಿದ ಹನ್ನೊಂದು ದಿನ ಕಾರು ಒಂದು ಬೆಳಗೂ ತಪ್ಪಿಸಲಿಲ್ಲ. ಅಪ್ಪ ಒಂಟಿ ಕೀಯನ್ನು ತಿರುಗಿಸುತ್ತಿದ್ದರು, ಅದು ವಿಧೇಯವಾಗಿ ಹೊರಡುತ್ತಿತ್ತು. ಹತ್ತಕ್ಕೆ ಮೊದಲೇ ತಲಪಿ ನಾವು ಯಂತ್ರದ ಕೋಣೆಯ ಹಸಿರು ಬಾಗಿಲ ಎದುರಿನ ಬೆಂಚಿನ ಮೇಲೆ ಕೂತಿರುತ್ತಿದ್ದೆವು. ಅಮ್ಮ ಹೇಳಿದ ಕಡೆ ಮಲಗುತ್ತಿದ್ದಳು, ಏಳು ಅಂದಾಗ ಏಳುತ್ತಿದ್ದಳು. ಕೊಟ್ಟದ್ದರಲ್ಲಿ ಅರ್ಧ ಉಣ್ಣುತ್ತಿದ್ದಳು. ದಾರಿಯಲ್ಲಿ ಗಾಜಿಗೆ ತಲೆ ಆನಿಸಿ ಹೊರಗೆ ನೋಡುತ್ತಿದ್ದಳು. ತೊಗರಿಬೇಳೆಯ ಹುಳದ ಬಗ್ಗೆ, ಕೋತಿಗಳ ಬಗ್ಗೆ, ತಾಮ್ರದ ಪಾತ್ರೆಗಳ ಬಗ್ಗೆ ಒಂದು ಮಾತೂ ಇಲ್ಲ. ಒಮ್ಮೆ ನಾನಾಗಿ, "ಅಮ್ಮಾ, ಬೇಳೆ ಬಿಸಿಲಿಗೆ ಹಾಕಿಸ್ಲಾ?" ಅಂದೆ. "ಗಿರಿಜನ್ನ ಕೇಳು," ಅಂದಳು.

ಎರಡನೆಯ ವಾರದಲ್ಲಿ ಹೊಸ ಸ್ವಿಚ್ಚು ಬಂತು. ದಸ್ತಗೀರ್ ಅದನ್ನು ಕೂರಿಸಿ, ಕೀ ಹಾಕಿ, ಕೀಯನ್ನು ಹಿಡಿದು ಬಲವಾಗಿ ಜಗ್ಗಿ ತೋರಿಸಿದರು. "ಇನ್ನು ಬೇಕಾದಷ್ಟು ಭಾರ ತೂಗುಹಾಕ್ಕೊಳ್ಳಿ ಮೇಷ್ಟ್ರೇ, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ." ಯಾರೂ ನಗದೆ ಇದ್ದದ್ದನ್ನು ಕಂಡು, ಏನು ತಪ್ಪಾಯಿತೋ ತಿಳಿಯದೆ, ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಂಡರು.

ಇಪ್ಪತ್ತೊಂಬತ್ತನೆಯ ದಿನ ಅಮ್ಮ ಒಳಗೆ ಯಂತ್ರದ ಕೆಳಗಿದ್ದಾಗ ಅಪ್ಪ ಬೆಂಚಿನ ಮೇಲೆ ಕೂತು, ಒಂಟಿ ಕೀಯನ್ನು ಬೆರಳಲ್ಲಿ ತಿರುಗಿಸುತ್ತಾ ಕೇಳಿದರು.

"ಆ ದೀಪ ಹೊತ್ತಿದ್ದು ನೀನು ನೋಡದೇ ಇದ್ದಿದ್ರೆ ಏನಾಗ್ತಿತ್ತು?"

"ಇನ್ನೂ ನಾಲ್ಕೈದು ದಿನ ತಪ್ತಿತ್ತು."

"ತಪ್ತಿತ್ತು," ಅಂದರು ಅಪ್ಪ. ಕೀಯನ್ನು ಜೇಬಿಗೆ ಹಾಕಿಕೊಂಡು, "ಆದ್ರೆ ನಿಮ್ಮಮ್ಮ ಇನ್ನೂ ಬೇಳೆ ಹುಳದ ಬಗ್ಗೆ ಮಾತಾಡ್ಕೊಂಡು ಕೂತಿರ್ತಿದ್ಳು," ಅಂದರು. ಅವರು ನನ್ನನ್ನು ದೂರಲಿಲ್ಲ. ಆಮೇಲೆ ಎಂದೂ ಆ ಮಾತೆತ್ತಲಿಲ್ಲ. ಎತ್ತಿದ್ದರೆ ನಾನು ಏನನ್ನಾದರೂ ಹೇಳಿಕೊಳ್ಳಬಹುದಿತ್ತೋ ಏನೋ.

ಮೂವತ್ತು ಮುಗಿದ ದಿನ ಡಾಕ್ಟರಮ್ಮ ಹೊಸ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿದರು. ಆರು ದಿನ ತಪ್ಪದಿದ್ದರೆ ಬೇರೆಯಾಗುತ್ತಿತ್ತೇ ಎಂದು ಕೇಳಲು ನಾನು ಬಾಯಿ ತೆರೆದೆ. ಅಮ್ಮ ಪಕ್ಕದಲ್ಲೇ ಇದ್ದಳು. ಕೇಳಲಿಲ್ಲ. "ಮನೆಗೆ ಕರ್ಕೊಂಡು ಹೋಗಿ, ಅವರಿಗೆ ಏನು ಇಷ್ಟವೋ ಕೊಡಿ," ಅಂದರು ಡಾಕ್ಟರಮ್ಮ.

ಮನೆಗೆ ಬಂದಾಗ ಹಜಾರದಲ್ಲಿ ಚಾಪೆಯ ತುಂಬ ಹೆಚ್ಚಿದ ಮಾವಿನಕಾಯಿ ಹರಡಿತ್ತು. ವರ್ಷದ ಉಪ್ಪಿನಕಾಯಿ ಹಾಕುವ ವಾರ ಅದು. ಈ ಮನೆಯಲ್ಲಿ ಅದನ್ನು ಅಮ್ಮನೊಬ್ಬಳೇ ಹಾಕುತ್ತಿದ್ದಳು. ಸೇರು ಪಾವು ಏನೂ ಇಲ್ಲ, ಹೋಳುಗಳನ್ನು ಕಣ್ಣಿನಿಂದಲೇ ಅಳೆದು ಹಿಡಿ ತುಂಬಿ ಹಾಕುವವಳು. ಅತ್ತೆ ದೊಡ್ಡ ಜಾಡಿಯ ಮುಂದೆ ಕಾಲು ಮಡಿಸಿ ಕೂತಿದ್ದರು. ನಾವು ಅಮ್ಮನನ್ನು ತೋಳು ಹಿಡಿದು ಒಳಗೆ ತರುವಾಗ ಅವರು ನಮ್ಮ ಮುಖ ನೋಡಿದರು, ನೋಡಿ ತಿಳಿದುಕೊಂಡರು. ಆದರೂ ಉಪ್ಪಿನ ಡಬ್ಬಿಗೆ ಕೈ ಹಾಕಿ ಮುಷ್ಟಿ ತುಂಬಿ ಎತ್ತಿ ಹಿಡಿದರು.

"ಅತ್ತಿಗೆ, ಇಷ್ಟು ಹೋಳಿಗೆ ಎಷ್ಟು ಹಿಡಿ? ನೀವು ಹೇಳದೆ ನಾನು ಹಾಕಲ್ಲ."

ಅಮ್ಮ ನಿಂತಳು. ಚಾಪೆಯ ಮೇಲಿನ ಹೋಳುಗಳ ಮೇಲೆ ಅವಳ ಕಣ್ಣು ಒಮ್ಮೆ ಹಾದುಹೋಯಿತು. ಅವಳು ಅಳೆದಳು, ನಾನು ನೋಡಿದೆ. ತುಟಿ ಕೂಡ ಅಲ್ಲಾಡಿತು.

"ನಿನಗೆ ತಿಳಿದಷ್ಟು ಹಾಕು," ಅಂದು ಕೋಣೆಯೊಳಗೆ ಹೋದಳು.

ಅತ್ತೆ ಕೈ ಇಳಿಸಲಿಲ್ಲ. ಖಾಲಿ ಜಾಡಿಯ ಬಾಯಿಯ ಮೇಲೆ ಆ ಮುಷ್ಟಿ ಹಾಗೆಯೇ ನಿಂತಿತ್ತು. ಬೆರಳ ಸಂದಿನಿಂದ ಉಪ್ಪು ಒಂದೊಂದೇ ಹರಳಾಗಿ ಒಳಗೆ ಬೀಳುತ್ತಿತ್ತು.